ಗಾದಿ ಬಾಬಾಲಾಲರ ಮಗಳ ಓದು

“ಆಡೂದು ಕಾಲು, ಓಡೂದು ಕಾಲು. ಅದರಾಗ ಮನಸಿನ ಸಾಲಿ ಯಾಕ ಬೇಕಪಾ?”

ಜತ್ತ ತಾಲೂಕಿನ ಸೋನ್ಯಾಳದ ಗಾದಿ ಬಾಬಾಲಾಲರು ಹಿಂಜಿದ ಅರಳೆಯನ್ನು ಹಾಸಿಗೆಯ ಗವಸಿಗೆ ತುಂಬುತ್ತ ಹೀಗೆ ಕೇಳಿದರು. ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಅರಳೆಯ ಹೊರತು ಯಾರೂ ಇರಲಿಲ್ಲ.

ಅದು 2007ರ ದೀಪಾವಳಿ ರಜೆ. ಮಗಳು ನಸ್ರೀನ ವಿದ್ಯಾಪೀಠದಿಂದ ಊರಿಗೆ ಬಂದಿದ್ದಳು. ಜತ್ತದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮುಗಿಸಿದವಳು, ಈಗ ಕ್ರೀಡೆ ಮತ್ತು ವ್ಯಾಯಾಮದ ಮನಶ್ಶಾಸ್ತ್ರ ಕಲಿಯುತ್ತಿದ್ದಳು. ರಜೆ ಮುಗಿದ ಮೇಲೆ ಅವಳನ್ನು ತಿರುಗಿ ಕಳಿಸಬಾರದೆಂದು ಬಾಬಾಲಾಲರು ಗಟ್ಟಿ ಮಾಡಿಕೊಂಡಿದ್ದರು. ಅದಕ್ಕೆ ಕಾರಣ ನೆರೆಮನೆಯ ಬಸಗೊಂಡರ ಮಾತು.

“ಮನಸಿನ ಓದಂದ್ರ ಹುಚ್ಚರ ದವಾಖಾನಿ ಕೆಲಸ. ನಾಳೆ ಅಕಿನ್ನ ನೋಡಾಕ ಬಂದವ್ರು ಬಾಗಲದಾಗ ಚಪ್ಪಲಿ ಸೈತ ಬಿಡಂಗಿಲ್ಲ, ಹಂಗ ತಿರಗತಾರ!” ಎಂದು ಬಸಗೊಂಡರು ನಕ್ಕಿದ್ದರು.

ರಾತ್ರಿ ಊಟಕ್ಕೆ ಕುಳಿತಾಗ ಬಾಬಾಲಾಲರು ಬಾಯಿ ಬಿಟ್ಟರು. “ಕಲತದ್ದು ಸಾಕವಾ ನಸ್ರೀನ. ಇನ್ನ ಹೋಗೂದು ಬ್ಯಾಡ.”

ನಸ್ರೀನ ಅಳಲಿಲ್ಲ, ಜಗಳವಾಡಲಿಲ್ಲ. ರೊಟ್ಟಿ ಮುರಿಯುತ್ತ ಕೇಳಿದಳು, “ಅಬ್ಬಾ, ಮೊದಲನೇ ಸಲ ಮೊಹರಮ್ಮಿನ್ಯಾಗ ರಿವಾಯತ ಪದಾ ಹಾಡಾಕ ನಿಂತಾಗ ನಿಮಗ ಏನಾಗಿತ್ರಿ?”

ಒಲೆಯ ಮುಂದಿದ್ದ ತಾಯಿ ಕಾಸೀಂಬಿಗೆ ನಗು ತಡೆಯಲಿಲ್ಲ. “ಅವರನ್ನೇನ ಕೇಳತಿ, ನನ್ನ ಕೇಳು! ಮನ್ಯಾಗ ಹಾಡಿ ಹಾಡಿ ನನ್ನ ಕಿವಿ ತಿಂದಿದ್ರು. ಮಂದಿ ಮುಂದ ನಿಂತ ಕೂಡಲೆ ಬಾಯಿ ಬಂದ್! ಯಳವಿ ಊರಿನವ್ರು ಬಂದು ಅದ ಪದಾ ಹಾಡಿ ಶಾಭಾಸ್ ಅನಿಸ್ಕೊಂಡ ಹೋದ್ರು.”

“ಗಂಟಲಾ ಕಟ್ಟಿತ್ತಲೇ,” ಎಂದು ಬಾಬಾಲಾಲರು ಗೊಣಗಿದರು.

“ಗಂಟಲಕ್ಕ ಏನರೆ ಜಡ್ಡಿತ್ತೇನ್ರಿ ಅಬ್ಬಾ?”

“ಇಲ್ಲಬಿಡು. ಮನಿಗಿ ಬಂದಿಂದ ಚಲೋ ಹಾಡಿದೆ.”

“ಆ ಹೊತ್ತಿನ್ಯಾಗ ಮನಸಿಗಿ ಏನಾಗತೈತಿ, ಅದನ್ನ ಹೆಂಗ ಸಂಭಾಳಿಸೂದು, ಅದ ನನ್ನ ಓದು. ಇದು ಹುಚ್ಚಿಂದಲ್ಲ. ಭಾಳ ಚಲೋ ಆಡವ್ರಿಗೂ ಕೈಕಾಲ ನಡಗತಾವ. ಕಾಲ ಮುರದವ್ರಿಗಿ ಎಲುವು ಕೂಡಿದ್ರೂ ಅಂಜಿಕಿ ಹೋಗಂಗಿಲ್ಲ. ಸಕ್ಕರಿ ಬ್ಯಾನಿಯವ್ರು ನಾಳಿಂದ ನಡೀತೀನಿ ಅಂತಾರ, ಆ ನಾಳಿ ಬರಂಗ ಇಲ್ಲ. ಅಂಥವ್ರಿಗಿ ಹೆಂಗ ಆಸರಾಗೂದು ಅಂತ ಕಲಸ್ತಾರ.”

ಬಾಬಾಲಾಲರು ಕೈತೊಳೆದು ಎದ್ದರು. “ನೋಡೂಣು” ಎಂದರಷ್ಟೇ.

ಮರುದಿನ ಮುಂಜಾನೆ ಬಸಗೊಂಡರೇ ಬಂದರು. ಮುಖದಲ್ಲಿ ನಗುವಿರಲಿಲ್ಲ. ಅವರ ಮಗಳು ದಾಕ್ಷಾಯಣಿ ಶಾಲೆಯ ಖೋ-ಖೋ ತಂಡದಲ್ಲಿದ್ದಳು. ಊರ ಮೈದಾನದಲ್ಲಿ ಅವಳನ್ನು ಮುಟ್ಟುವವರೇ ಇಲ್ಲ. ಜತ್ತದ ತಾಲೂಕು ಪಂದ್ಯದಲ್ಲಿ ಮಾತ್ರ ಕಾಲು ಕಿತ್ತಿಡಲಾಗದೆ ನಿಂತೇಬಿಟ್ಟಿದ್ದಳು. ತಂಡ ಹೇಗೋ ಗೆದ್ದು ಜಿಲ್ಲೆಗೆ ಆಯ್ಕೆಯಾಗಿತ್ತು. ಹಬ್ಬ ಮುಗಿದ ಕೂಡಲೇ ಸಾಂಗಲಿಯಲ್ಲಿ ಪಂದ್ಯ. ಅವಳು ಒಲ್ಲೆ ಎಂದು ಕುಳಿತಿದ್ದಳು.

“ದೃಷ್ಟಿ ತಗದ್ವಿ, ಬದಾಮ ತಿನಿಸಿದ್ವಿ. ಸೋನ್ಯಾಳದ ಮರ್ಯಾದಿ ನಿನ್ನ ಕೈಯಾಗೈತಿ ಅಂತ ದಿನಾ ಹೇಳಾಕತ್ತೀನಿ. ಇನ್ನೇನ ಮಾಡ್ಲಿ ನಸ್ರೀನ?”

ಬಾಬಾಲಾಲರಿಗೆ ಸುಮ್ಮನಿರಲಾಗಲಿಲ್ಲ. “ಹುಚ್ಚರ ದವಾಖಾನಿಗಿ ಬಂದಿಯಲ್ಲೋ ಬಸಗೊಂಡ!”

“ಬಂದೀನಪಾ. ಚಪ್ಪಲಿ ಬಿಟ್ಟ ಬಂದೀನಿ.”

ನಸ್ರೀನ ನಗಲಿಲ್ಲ. “ಕಾಕಾ, ನಾ ಇನ್ನೂ ಕಲಿಯಾಕತ್ತಾಕಿ. ಅಕಿ ಜೋಡಿ ಕುಂದ್ರತೀನಿ. ನನಗ ತಿಳೀದಿದ್ರ ನಮ್ಮ ಮೇಡಮ್ಮಾರಿಗಿ ಫೋನ್ ಮಾಡತೀನಿ. ಆದ್ರ ಊರಿನ ಮರ್ಯಾದಿ ಅಕಿ ತಲಿಮ್ಯಾಲ ಹೊರಸಬ್ಯಾಡ್ರಿ. ಅಕಿ ಓಡಬೇಕಲ್ಲ, ಅಷ್ಟ ಭಾರ ಹೊತ್ತ ಹೆಂಗ ಓಡಬೇಕ್ರಿ?”

ಅಂದಿನಿಂದ ನಸ್ರೀನ, ದಾಕ್ಷಾಯಣಿ ಇಬ್ಬರೂ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ಕುಳಿತರು. ಬಾಬಾಲಾಲರು ಸೂಜಿ ಹಾಕುತ್ತ ದೂರದಿಂದಲೇ ನೋಡುತ್ತಿದ್ದರು. ಮಾತೆಲ್ಲ ದಾಕ್ಷಾಯಣಿಯದು. ತಮ್ಮ ಮಗಳದು ಕೇಳುವ ಕೆಲಸ. ಹೀಗೆ ಕಿವಿಗೊಟ್ಟು ಕೇಳುವುದೂ ಒಂದು ವಿದ್ಯೆಯೆಂದು ಅವರಿಗೆ ಅಂದು ಅನಿಸಿತು.

ಆಮೇಲೆ ಮೈದಾನದ ಅಭ್ಯಾಸ. ಉಸಿರನ್ನು ನಿಧಾನ ಬಿಡುವುದು. ಮಂದಿಯನ್ನು ಬಿಟ್ಟು, ಬೆನ್ನಟ್ಟುವವಳ ಭುಜವನ್ನಷ್ಟೇ ನೋಡುವುದು. ಕಡೆಗೆ ದಾಕ್ಷಾಯಣಿಯೇ ಓಣಿಯ ಮಕ್ಕಳನ್ನೆಲ್ಲ ಕರೆತಂದು, “ಬೇಕಾದಷ್ಟ ಒದರ್ರಿ!” ಎಂದಳು. ಆ ಗದ್ದಲದ ನಡುವೆಯೇ ಓಡಿ ರೂಢಿ ಮಾಡಿಕೊಂಡಳು. ಮಕ್ಕಳಿಗಂತೂ ಅದೇ ಹಬ್ಬವಾಯಿತು.

ಸಾಂಗಲಿಯಲ್ಲಿ ತಂಡ ಸೋತಿತು. ಆದರೆ ದಾಕ್ಷಾಯಣಿ ಸೀಟಿ ಊದುವವರೆಗೂ ಯಾರ ಕೈಗೂ ಸಿಗದೆ ಓಡಿದ್ದಳು. ಬಸ್ಸಿನಿಂದ ಇಳಿಯುತ್ತಲೇ, “ಮುಂದಿನ ಮ್ಯಾಚ್ ಯಾವಾಗ್ರಿ?” ಎಂದು ಕೇಳುತ್ತಿದ್ದಳು.

ಬಾಬಾಲಾಲರು ಅಂದೇ ಒಳ್ಳೆಯ ಅರಳೆ ಆರಿಸಿ, ಮಗಳ ಹಾಸ್ಟೆಲಿನ ಮಂಚಕ್ಕೆಂದು ಒಂದು ಗಾದಿ ಹೊಲಿಯಲು ಕುಳಿತರು. ಕಾಸೀಂಬಿ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಕಥೆ ಇನ್ನೂ ಚೂರು ಉಳಿದಿದೆ. ಅದಕ್ಕೆ ಮೊದಲು ನಿಮಗೊಂದು ಮಾತು, ತಾಯಂದಿರೇ, ತಂದೆಯಂದಿರೇ. ಆಡುವ ಮಗು ಹೆದರಿದರೆ ಬೈಯಬೇಡಿ, ಹತ್ತಿರ ಕುಳಿತು ಕೇಳಿ. ಮಕ್ಕಳು ಆಟದ ಮನಶ್ಶಾಸ್ತ್ರ ಓದುತ್ತೇವೆ ಎಂದರೆ ನಗಬೇಡಿ. ಹತ್ತಿರದ ಕಾಲೇಜಿಗೆ ಹೋಗಿ ಅದರ ದಾರಿ ವಿಚಾರಿಸಿ. ಶಾಲೆಗೆ, ತಂಡಕ್ಕೆ, ದವಾಖಾನೆಗೆ ಇಂಥವರು ಬೇಕು. ಹಳ್ಳಿಯ ಹೆಣ್ಣುಮಕ್ಕಳೂ ಇದನ್ನು ಓದಬಲ್ಲರು. ಓದಲು ಕಳಿಸಿ.

ನಸ್ರೀನ ಹೊರಡುವ ದಿನ ಬಸಗೊಂಡರು ಅಂಗಡಿಗೆ ಬಂದು ದನಿ ತಗ್ಗಿಸಿದರು. “ಬಾಬಾಲಾಲ, ನನ್ನ ಮಗಳು ಅಷ್ಟೊತ್ತ ಕುಂತ ಏನೇನ ಹೇಳಿದ್ಲೋ? ನಿನ್ನ ಮಗಳಿಗಿ ಕೇಳಿದ್ರ ಅಕಿ ಬಾಯೇ ಬಿಡವಲ್ಲಳು. ನೀ ತಂದಿ, ನೀ ಕೇಳಿದ್ರ ಹೇಳತಾಳ. ಕೇಳಿ ನನ್ನ ಕಿವಿಗಿ ಹಾಕು.”

ಬಾಬಾಲಾಲರು ಗಾದಿಯನ್ನು ಸುತ್ತಿ ಹಗ್ಗ ಬಿಗಿದರು.

“ಕೇಳಂಗಿಲ್ಲ, ಬಸಗೊಂಡ. ಅದು ನಿನ್ನ ಮಗಳು ಅಕಿನ್ನ ನಂಬಿ ಹೇಳಿದ ಮಾತು. ನಾ ಕೇಳಂಗಿಲ್ಲ.”