ಕರಿಯ ತಂತಿಯ ಜಾಗದಲ್ಲಿ

ನಾನು ಒಂದು ಹಸಿರು ತಂತಿ. ತಾಮ್ರದ ಎಳೆಗಳನ್ನು ಹೊಸೆದು, ಮೇಲೆ ಹಸಿರು ಪ್ಲಾಸ್ಟಿಕ್ ಹೊದಿಸಿ, ಸುರುಳಿ ಸುತ್ತಿ ನನ್ನನ್ನು ಅಂಗಡಿಗೆ ಕಳಿಸಿದರು. ಕೆಂಪು ತಂತಿ ಕರೆಂಟನ್ನು ತರುತ್ತದೆ, ಕರಿಯದು ಹಿಂದಕ್ಕೆ ಒಯ್ಯುತ್ತದೆ. ಹಸಿರಿನ ಕೆಲಸ ಅರ್ಥಿಂಗ್. ಯಂತ್ರದ ಮೈಗೆ ಸೋರಿದ್ದನ್ನು ನೆಲಕ್ಕೆ ಇಳಿಸಬೇಕು. ಏನೂ ಸೋರದಿದ್ದರೆ ಜನ್ಮವಿಡೀ ಬರಿದಾಗಿ ಮಲಗಿರಬೇಕು. ನಿಯಮ ಹಾಗಿದೆ.

ಗದಗಿನ ಒಂದು ಹೊಸ ಮನೆಗೆ ಬಂದೆ. ಯಜಮಾನಿ ದಾನವ್ವ ಕರಿಯ ಸುರುಳಿಯನ್ನು ಕಾಲಿನಿಂದ ಸರಿಸಿದಳು.

"ಹೊಸ ಮನಿ ಗ್ವಾಡ್ಯಾಗ ಕರೇದು ಹಾಕ್ತೀಯೇನೋ? ಹಸರು ಹಾಕು."

"ಹಂಗ ಹಾಕಬಾರದ್ರಿ ಅಮ್ಮಾರ," ಎಂದ ವೈರಿಂಗ್ ಮಾಡುವ ಮೌನೇಶ. "ಗ್ವಾಡಿ ಒಳಗ ಯಾರ್ ನೋಡ್ತಾರ್ರಿ?"

"ಮನಿ ನೋಡ್ತೈತಿ."

ಮೌನೇಶ ನಕ್ಕು ಸೋತ. ಕರಿಯ ತಂತಿಯ ಜಾಗದಲ್ಲಿ ನನ್ನನ್ನು ಎಳೆದ. ಮೇಲೆ ಸಿಮೆಂಟು ಬಿತ್ತು, ಕತ್ತಲಾಯಿತು.

ಕೆಲವು ವರ್ಷಗಳಲ್ಲಿ ಸೊಸೆ ನೀಲಾಂಬಿಕೆ ಬಂದಳು. ತವರಿನವರು ಅವಳಿಗೆ ಹಿಟ್ಟು ರುಬ್ಬುವ ಗ್ರೈಂಡರ್ ಕೊಟ್ಟಿದ್ದರು. ಅದಕ್ಕೆ ಪಾಯಿಂಟ್ ಮಾಡಲು ಬಂದ ಬೇರೊಬ್ಬ, ಹಸಿರು ಕಂಡು ಅರ್ಥಿಂಗ್ ಎಂದುಕೊಂಡು ಗ್ರೈಂಡರಿನ ಮೈಯನ್ನು ನನಗೆ ಬಿಗಿದ. ಕರೆಂಟು ಹಿಂದಿರುಗಲು ಹಳೆಯ ಸ್ವಿಚ್ ಬೋರ್ಡಿನಿಂದ ಬೇರೆ ತಂತಿ ಎಳೆದ, ಅದೂ ಕೊನೆಗೆ ನನ್ನನ್ನೇ ಸೇರುತ್ತಿತ್ತು. ನನ್ನಲ್ಲಿ ಹಿಂದಿರುಗುವ ಕರೆಂಟು ಅಂದಿನಿಂದ ಆ ಉಕ್ಕಿನ ಮೈಯನ್ನೂ ಸವರತೊಡಗಿತು.

"ಅತ್ತಿ, ಇದನ್ನ ಮುಟ್ಟಿದ್ರ ಜುಮ್ ಅಂತೈತಿ. ಒಳಗಿಂದ ಯಾರೋ ಬೆರಳು ಹಿಡದಂಗ."

"ನಿಮ್ಮಪ್ಪ ಕೊಟ್ಟದ್ದಲ್ಲೇನ, ಗುರ್ತು ಹಿಡದು ಮಾತಾಡಸ್ತೈತಿ."

ಗ್ರೈಂಡರನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಗಂಡ ನಕ್ಕ. ಅವಳ ತೋಳಿಗೆ ತಾಯಿತ ಬಂತು. ಕೊನೆಗೆ, ತಲೆ ಕೆಟ್ಟವಳನ್ನು ತವರಿಗೆ ಬಿಟ್ಟು ಬರುವುದೆಂದು ಮಾತಾಯಿತು. ಒಬ್ಬಳೇ ಇದ್ದಾಗ ಅವಳು ಗೋಡೆಗೆ ಕೆನ್ನೆ ಹಚ್ಚಿ, "ಯಾರದೀರಿ ಒಳಗ?" ಎಂದು ಕೇಳುತ್ತಿದ್ದಳು. ನನಗೆ ನಾಲಿಗೆ ಇಲ್ಲ. ಅವಳ ಬಿಸಿ ಮಾತ್ರ ತಿಳಿಯುತ್ತಿತ್ತು.

ತವರಿಗೆ ಕಳಿಸುವ ದಿನ ಮುಂಜಾನೆ ಗ್ರೈಂಡರ್ ತಿರುಗುತ್ತ ತಿರುಗುತ್ತ ನಿಂತಿತು. ಮೀಟರಿನ ಬಳಿ ನನ್ನ ಗಂಟು ಕಳಚಿತ್ತು. ಹಿಂದಿರುಗಲು ದಾರಿಯಿಲ್ಲದ ಕರೆಂಟು ಗ್ರೈಂಡರಿನ ಮೈಯಲ್ಲೇ ಉಳಿಯಿತು.

"ಮುಟ್ಟಬ್ಯಾಡ್ರಿ ಅತ್ತಿ!"

"ನಿನ್ನ ಹುಚ್ಚು ಇವತ್ತಿಗೆ ಮುಗೀಲಿ. ನೋಡಿಲ್ಲೆ," ಎಂದು ದಾನವ್ವ ಒದ್ದೆ ಕೈಗಳೆರಡನ್ನೂ ಅದರ ಮೇಲಿಟ್ಟಳು.

ಕೈ ಬಿಡಲಿಲ್ಲ. ದನಿ ಹೊರಡಲಿಲ್ಲ. ಕಣ್ಣು ಮಾತ್ರ ಸೊಸೆಯ ಕಡೆ ತಿರುಗಿತು. ನೀಲಾಂಬಿಕೆ ಓಡಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಇಟ್ಟ ಕೈ ಹಾಗೇ ನಿಂತಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಯೊಳಗೆ ನಾನು ಕರೆಂಟು ತುಂಬಿಕೊಂಡೇ ಇದ್ದೆ, ಇನ್ನೂ ಇದ್ದೆ.

ಆಮೇಲೆ ಸ್ವಿಚ್ಚು ಬಿತ್ತು.

ಗೋಡೆ ಒಡೆದು ನನ್ನನ್ನು ಹೊರಗೆಳೆದರು. ಈಗ ಹಿತ್ತಲಿನಲ್ಲಿ ಗುಜರಿಯವನಿಗಾಗಿ ಬಿದ್ದಿದ್ದೇನೆ. ನೋಡಲು ಬಂದವರಿಗೆಲ್ಲ ದಾನವ್ವ, "ನನ್ನ ಸೊಸಿ ದೇವರಿದ್ದಂಗ. ಕಣ್ಣು ಮುಚ್ಚಿ ತಗಿಯೂದ್ರಾಗ ಕರೆಂಟ್ ತಗದ್ಲು" ಎನ್ನುತ್ತಾಳೆ. ಹಾಗೆನ್ನುವಾಗ ಅವಳು ಸೊಸೆಯ ಮುಖ ನೋಡುವುದಿಲ್ಲ. ನೀಲಾಂಬಿಕೆ ಚಹಾದ ಲೋಟ ಇಟ್ಟು ಒಳಗೆ ಹೋಗುತ್ತಾಳೆ.

ಅವಳನ್ನು ತವರಿಗೆ ಕಳಿಸುವ ಮಾತು ಈಗ ಯಾರೂ ಎತ್ತುವುದಿಲ್ಲ. ಆ ಕೈ ಎಷ್ಟು ಹೊತ್ತು ನಿಂತಿತ್ತೆಂದು ಮೂವರಿಗೆ ಗೊತ್ತು. ಇಬ್ಬರು ಒಂದೇ ಒಲೆಯ ಮುಂದೆ ಬಾಳಬೇಕು. ನನ್ನನ್ನಾದರೋ ಸುಟ್ಟು ತಾಮ್ರ ತೆಗೆಯುತ್ತಾರೆ.