ಗುಬ್ಬಿ ಬಂದಿರಲಿಲ್ಲ

ದಿನಾ ಬೆಳಿಗ್ಗೆ ಅಣ್ಣನಿಗೊಂದು ಹಾಯ್ಕು ಕಳಿಸುವುದು ನನ್ನ ಪಾಲಿಗೆ ಹಲ್ಲುಜ್ಜುವಷ್ಟೇ ಅಭ್ಯಾಸವಾಗಿಹೋಗಿತ್ತು. ಅಣ್ಣ ಲಿಫ್ಟ್ ಮೆಕ್ಯಾನಿಕ್. ಕೆಲಸ ಬೇರೆ ಊರಿನಲ್ಲಿ. ಚಹಾ ಕುಡಿಯುವಾಗ ನನ್ನ ಪದ್ಯ ಓದಿ, ತಪ್ಪು ತೋರಿಸಿ, ಮತ್ತೆ ಲಿಫ್ಟಿನ ಗುಂಡಿಗೆ ಇಳಿಯುತ್ತಾನೆ. ಅಲ್ಲಿ ಫೋನ್ ಸಿಗುವುದಿಲ್ಲ.

ಅವನ ಕಟ್ಟಳೆ ಕಟ್ಟುನಿಟ್ಟು. ಮೂರು ಸಾಲು, ಐದು ಏಳು ಐದು ಅಕ್ಷರ. ಒಂದು ಹಕ್ಕಿ, ಒಂದು ಋತು ಇರಲೇಬೇಕು. ಕಂಡದ್ದನ್ನು ಬರೆ, ಅನಿಸಿದ್ದನ್ನು ಬರೆಯಬೇಡ. ಅಮ್ಮ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ನಾನು ಬೆರಳು ಮಡಚಿ ಎಣಿಸುತ್ತಾ ಕೂತರೆ, "ಏನೇ, ಇನ್ನೂ ಮುಗಿದಿಲ್ವಾ ನಿನ್ನ ಹಕ್ಕಿ ಲೆಕ್ಕ?" ಎನ್ನುತ್ತಿದ್ದಳು. ಮೇಷ್ಟ್ರು ತಾವೇನೂ ಕಂಡದ್ದನ್ನೇ ಬರೆಯುತ್ತಿರಲಿಲ್ಲ. ಒಮ್ಮೆಯಂತೂ ಒಂದು ಕೊಕ್ಕರೆಯ ಸಲುವಾಗಿ ಪದ್ಯದಲ್ಲಿ ನನ್ನನ್ನೇ ಸಾಯಿಸಿದ್ದರು.

ಆವತ್ತು ಅಮ್ಮ ಏಳಲಿಲ್ಲ. ಮುಟ್ಟಿ ನೋಡಿದೆ, ಕೈ ತಣ್ಣಗಿತ್ತು. ಡಾಕ್ಟರು ಬಂದು ತಲೆಯಾಡಿಸಿ ಹೋದರು. ನನಗೆ ಏನೂ ಅನಿಸಲಿಲ್ಲ. ಒಲೆ ಆರಿಸಿದೆ, ಅಣ್ಣನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಸಂದೇಶ ಬರೆಯಲು ಕೂತೆ. ಬೆರಳು ತನ್ನ ಪಾಡಿಗೆ ಎಣಿಸಿತು.

ಚಳಿ ಬೆಳಗು
ಗುಬ್ಬಿಯೊಂದು ಕಾದಿದೆ
ಅಮ್ಮ ಇನ್ನಿಲ್ಲ

ಕಳಿಸಿ, ದೊಡ್ಡಪ್ಪನಿಗೆ ಹೇಳಿಕಳಿಸಿ, ಅಮ್ಮನ ಪಕ್ಕ ಬಂದು ಕೂತೆ. ಅಣ್ಣನ ಉತ್ತರ ಬಂತು.

"ಅಬ್ಬ, ಲೆಕ್ಕ ಸರಿಯಾಗಿದೆ. ಆದ್ರೆ ಅಮ್ಮನ್ನ ಸಾಯಿಸ್ಬೇಡ ಕಣೇ, ಓದಿದ್ರೆ ಬೈತಾಳೆ."

"ಇದು ಪದ್ಯ ಅಲ್ಲ" ಎಂದು ಬರೆದೆ. ಆ ಹೊತ್ತಿಗೆ ಅವನು ಗುಂಡಿಗೆ ಇಳಿದಾಗಿತ್ತು. ಮತ್ತೆ ಮತ್ತೆ ಫೋನ್ ಮಾಡಿದೆ. ಅವನು ಬಂದು ಅಮ್ಮನ ಮುಖ ನೋಡಬೇಕು, ಆವತ್ತು ನನಗೆ ಬೇಕಾಗಿದ್ದದ್ದು ಅದೊಂದೇ. ಮಧ್ಯಾಹ್ನ ದಾಟಿದ ಮೇಲೆ ದೊಡ್ಡಪ್ಪ, "ಇನ್ನು ಕಾಯೋಕಾಗಲ್ಲಮ್ಮ" ಎಂದರು. ಹೂಂ ಎಂದೆ. ಒಯ್ದರು.

ಅಣ್ಣ ಬಂದಾಗ ಕತ್ತಲಾಗಿತ್ತು. ಅಂಗಿಯ ತೋಳಿನ ಗ್ರೀಸ್ ಕೂಡ ಒರೆಸಿರಲಿಲ್ಲ. ಖಾಲಿ ಮಂಚ ನೋಡಿದ, ನನ್ನನ್ನು ನೋಡಿದ.

"ಗುಬ್ಬಿ ಬಂದಿತ್ತಾ?"

"ಇಲ್ಲ."

"ಮತ್ಯಾಕೆ ಹಾಕ್ದೆ?"

"ಹಕ್ಕಿ ಇರ್ಲೇಬೇಕು ಅಂದೋನು ನೀನೇ ಅಲ್ವಾ?"

ಅವನು ಮಂಚದ ತುದಿಯಲ್ಲಿ ಕುಸಿದು ಕೂತ. "ಹಕ್ಕಿ ಇಲ್ದೇ ಇದ್ದಿದ್ರೆ ನಿಜ ಅಂತ ಗೊತ್ತಾಗ್ತಿತ್ತು ನಂಗೆ" ಎಂದ. ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ, ಪದ್ಯದ ಹೊತ್ತಿಗೆ ಸರಿಯಾಗಿ, ಪಕ್ಕದ ಕೋಣೆಯಿಂದಲೇ ಅವನ ಸಂದೇಶ ಬಂತು.

"ನಾನು ಅಮ್ಮನ ಮುಖ ನೋಡ್ಲಿಲ್ಲ."

ಒಂದೇ ಸಾಲು. ಹಕ್ಕಿಯಿಲ್ಲ, ಋತುವಿಲ್ಲ. ನನ್ನ ಬೆರಳು ಎಣಿಸಲು ಹೊರಟಿತು. ಅದರ ಮೇಲೆ ಸಿಟ್ಟು ಬಂದು ಮುಷ್ಟಿ ಬಿಗಿಹಿಡಿದೆ. ಎರಡು ದಿನದಲ್ಲಿ ನನಗೆ ಅನಿಸಿದ್ದು ಅದೊಂದೇ, ಸಿಟ್ಟು. ಎದ್ದು ಹೋಗಿ ಅವನ ಕೋಣೆಯ ಬಾಗಿಲಲ್ಲಿ ನಿಂತೆ.

"ಅಣ್ಣಾ, ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಹೊಡೆಯೋವಾಗ ಇರ್ತಿತ್ತಲ್ಲ, ಹಾಗೆ."

ಅವನು ಫೋನನ್ನು ಪಕ್ಕಕ್ಕಿಟ್ಟ.

"ಎಡಗೆನ್ನೆ ಮೇಲೆ ದಿಂಬಿನ ಗೆರೆ ಮೂಡಿತ್ತು. ಕೂದಲು ಕಣ್ಣಿನ ಮೇಲೆ ಬಿದ್ದಿತ್ತು, ನಾನು ಸರಿಸ್ದೆ."

"ಆಮೇಲೆ?" ಎಂದ.

ನಾನು ಅವನ ಪಕ್ಕ ಕೂತು, ಕಂಡದ್ದನ್ನು ಹೇಳುತ್ತಾ ಹೋದೆ.