ವೀಳ್ಯದೆಲೆಯಲ್ಲಿ ನಾಲ್ಕು ಸ್ಕ್ರೂ

ದಸರೆಯ ಮುಂಜಾನೆ ಓಣಿಯ ಮನೆಮನೆಯಲ್ಲೂ ಹೂರಣ ಕುದಿಯುತ್ತಿರುವಾಗ ನಾನು ಕಂಪ್ಯೂಟರಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ಕೂತಿದ್ದೆ. ಹಾರ್ಡ್ ಡಿಸ್ಕನ್ನು ಹಿಡಿದು ನಿಲ್ಲಿಸುವ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ನಾಲ್ಕು ಖಾಲಿ ತೂತುಗಳಿದ್ದವು. ಸಿಟ್ಟು ನೆತ್ತಿಗೇರಿತ್ತು, ಆದರೆ ತೀರಿಸಿಕೊಳ್ಳುವುದು ಯಾರ ಮೇಲೆ? ಬಿಚ್ಚಿದವರು ಮಾವ. ಮಾವನಿಗೆ ಎದುರಾಡಿದ ಸೊಸೆ ನಮ್ಮ ಮನೆತನದಲ್ಲಿ ಇಲ್ಲ ಎಂದು ನಮ್ಮವ್ವ ತಲೆಯ ಮೇಲಿನ ಮದುವೆಯ ಅಕ್ಕಿಕಾಳು ಒಣಗುವ ಮೊದಲೇ ಕಿವಿಯಲ್ಲಿ ಹೇಳಿ ಕಳಿಸಿದ್ದಳು. ಹಾಗಾಗಿ, ಕಾರ್ಖಾನೆಯ ಪೂಜೆಗೆಂದು ಪುಣೆ ಬಳಿಯ ಚಾಕಣಕ್ಕೆ ಹೋಗಿದ್ದ ಗಂಡನಿಗೆ ಫೋನ್ ಮಾಡಿ ಅವರ ಮೇಲೆ ಹರಿಹಾಯ್ದೆ. ಶಿವರಾಜ ಪಾಪ, ತಲೆಬುಡ ತಿಳಿಯದೆ "ಆತು, ಆತು" ಎಂದು ಫೋನ್ ಇಟ್ಟರು.

ಆ ಡಿಸ್ಕಿನಲ್ಲಿ ಭೋರಿನ ಒಂದು ಮದುವೆ ಇತ್ತು. ಖರಾಡಿಯ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸವಾಗಿತ್ತು. ಕೆಲಸ ನನ್ನದು, ಹೆಸರು ಮಾಲೀಕನದು. ಬೇಸತ್ತು ಬಿಟ್ಟು ಬಂದು ನಾನೇ ಹಿಡಿದ ಮೊದಲ ಮದುವೆ ಇದು. ಹುಡುಗಿಯ ತಂದೆ ಮನೋಹರ ಅವರು ಭೋರಿನಲ್ಲಿ ಕಿರಾಣಿ ವ್ಯಾಪಾರಿ, ನಮ್ಮ ಕಡೆಯವರೇ. ದಸರೆಯ ಸಂಜೆ ಬೀಗರು ಬನ್ನಿ ಕೊಡಲು ಬರುತ್ತಾರೆ, ಅವರ ಮುಂದೆ ವಿಡಿಯೋ ಹಚ್ಚಬೇಕು ಎಂದು ಅವರ ಒಂದೇ ಹಟ. ಸ್ಟುಡಿಯೋದ ಮಾಲೀಕ ನನ್ನ ಕುರ್ಚಿಯನ್ನು ದಸರೆ ಮುಗಿಯುವವರೆಗೆ ಖಾಲಿ ಇಟ್ಟಿರುತ್ತೇನೆ ಎಂದು ನಗುತ್ತಾ ಹೇಳಿದ್ದ. ಸಂಜೆಯೊಳಗೆ ವಿಡಿಯೋ ಹೋದರೆ ಆ ಬೀಗರ ಬಳಗದ ಇನ್ನೆರಡು ಮದುವೆ ನನ್ನ ಕೈಗೆ ಬರುತ್ತವೆ. ಹೋಗದಿದ್ದರೆ ನಾಳೆ ಮತ್ತೆ ಆ ಕುರ್ಚಿ, ಆ ನಗು.

ಕತ್ತರಿಸುವ ಕೆಲಸವೆಲ್ಲ ಮುಗಿದಿತ್ತು. ತುಂಡುಗಳನ್ನೆಲ್ಲ ಕಂಪ್ಯೂಟರು ಒಂದೇ ವಿಡಿಯೋ ಮಾಡಿ ಕೊಡಬೇಕು, ಅಷ್ಟೇ. ಅದಕ್ಕೆ ಡಿಸ್ಕು ಗಂಟೆಗಟ್ಟಲೆ ಅಲುಗಾಡದೆ ತಿರುಗಬೇಕು.

ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮ ಮಾವ ಈರಬಸಪ್ಪನವರು ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ನಟ್ಟು, ಬೋಲ್ಟು, ಸ್ಕ್ರೂಗಳ ನಡುವೆಯೇ ಅವರ ಕೂದಲು ಬೆಳ್ಳಗಾದದ್ದು. ನಿವೃತ್ತಿಯ ದಿನ ಜೊತೆಯವರು ಏನು ಉಡುಗೊರೆ ಬೇಕು ಎಂದಾಗ, ನೆಲಕ್ಕೆ ಬಿದ್ದ ನಟ್ಟುಗಳನ್ನು ಎತ್ತಲು ತಾವು ಬಳಸುತ್ತಿದ್ದ ದೊಡ್ಡ ಮ್ಯಾಗ್ನೆಟ್ಟನ್ನೇ ಕೇಳಿ ಪಡೆದು ತಂದವರು. ಮನೆಯಲ್ಲಿ ಕೂತರೆ ಅವರಿಗೆ ಮೈಯೆಲ್ಲ ಕಡಿತ. ಕುಕ್ಕರಿನ ಹಿಡಿಕೆ ಬಿಗಿ ಮಾಡುತ್ತಾರೆ, ಬಿಗಿಯಾಗಿದ್ದರೆ ಸಡಿಲ ಮಾಡಿ ಮತ್ತೆ ಬಿಗಿ ಮಾಡುತ್ತಾರೆ. ನಾನು ಚೆಂಡುಹೂ ತರಲು ಸಂತೆಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರಿನ ಬಾಗಿಲು ಬಿಚ್ಚಿ, ಡಿಸ್ಕ್ ಹೊರಗೆ ತೆಗೆದು, ಧೂಳು ಒರೆಸಿ, ಕುಂಕುಮ ಹಚ್ಚಿ ಕೂತಿದ್ದರು.

"ಹೊಟ್ಟ್ಯಾಗ ಧೂಳ ಇಟ್ಕೊಂಡು ಪೂಜಿ ಮಾಡಿದ್ರ ಮಷೀನ್ ಮುನಿಸ್ಕೊಂತದ. ನಮ್ಮ ಕಾರ್ಖಾನ್ಯಾಗ ಎಲ್ಲಾ ಬಿಚ್ಚೇ ಪೂಜಿ," ಎಂದರು.

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ನಾನು ಚೆಂಡುಹೂ ಪೋಣಿಸಲು ಕೂತೆ.

ಇನ್ನೊಂದು ಕೆಲಸ ಅವರು ಮಾಡಿದ್ದು ನನಗೆ ಮುಂಜಾನೆ ತಿಳಿಯಿತು. ಒಂದು ಮಷೀನಿನಿಂದ ಬಿಚ್ಚಿದ್ದು ಇನ್ನೊಂದರ ಜೊತೆ ಬೆರೆಯಬಾರದು ಎಂಬುದು ಅವರ ಉಗ್ರಾಣದ ಶಿಸ್ತು. ಡಿಸ್ಕಿನ ನಾಲ್ಕು ಸ್ಕ್ರೂಗಳನ್ನು ಒಂದು ವೀಳ್ಯದೆಲೆಯಲ್ಲಿಟ್ಟು, ನೀಟಾಗಿ ಮಡಿಸಿ, ಬಿಚ್ಚಿಕೊಳ್ಳದಂತೆ ಲವಂಗ ಚುಚ್ಚಿ ಪೂಜೆಯ ತಾಟಿನಲ್ಲಿ ಇಟ್ಟಿದ್ದರು. ಬೆಳಗಾಗುತ್ತಲೇ ನಮ್ಮ ಅತ್ತೆ ಪಾರವ್ವ ತಾಟಿನ ಹೂ, ಎಲೆ, ಅಕ್ಷತೆ ಎಲ್ಲ ಬಳಿದು ಚೀಲಕ್ಕೆ ತುಂಬಿ, ಗುಡಿಗೆ ಹೋಗುವ ದಾರಿಯಲ್ಲಿ ನದಿ ದಂಡೆಯ ನಿರ್ಮಾಲ್ಯದ ತೊಟ್ಟಿಗೆ ಹಾಕಿ ಬಂದಿದ್ದರು.

"ನಾ ಏನ್ ಕನಸ ಕಂಡಿದ್ನೇನವಾ?" ಎಂದು ಅತ್ತೆ ಹಣೆ ಹಣೆ ಬಡಿದುಕೊಂಡರು. "ಎಲಿ ಮಡಿಚಿತ್ತು, ಲವಂಗ ಚುಚ್ಚಿತ್ತು. ದೇವರ ಮುಂದಿನ ವೀಳ್ಯ ಅಂತ ತಿಳ್ಕೊಂಡೆ. ವೀಳ್ಯದಾಗ ಅಡಕಿ ಇಡೂದ ಬಿಟ್ಟು ಸ್ಕ್ರೂ ಇಡೂ ಗಂಡಸ್ರು ಎಲ್ಲೆ ಅದಾರ?"

"ಅದಕ್ಕೇನು?" ಎಂದರು ಮಾವ. "ನನ್ನ ಡಬ್ಬ್ಯಾಗ ಇಲ್ಲದ ಸ್ಕ್ರೂ ಇಡೀ ಪುಣೆದಾಗ ಇಲ್ಲ. ತಡಿ."

ಡಬ್ಬಿ ಬಂತು. ಅದರ ಖಾನೆಗಳಲ್ಲಿ ಸ್ಕ್ರೂಗಳು ಅಳತೆಯ ಪ್ರಕಾರ ಮಲಗಿದ್ದವು. ಮೂರು ಮಿಲಿಮೀಟರಿನದು ತೂತಿನೊಳಗೆ ಜೋಳದ ಕಾಳಿನಂತೆ ಲೊಡಲೊಡ ಆಡಿ ಹೊರಗೆ ಬಿತ್ತು. ನಾಲ್ಕರದ್ದು ಒಳಗೇ ಹೋಗಲಿಲ್ಲ. ಮಾವ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಮೂರೂವರೆಯದು ಅರ್ಧ ಸುತ್ತು ತಿರುಗಿ ಕಚ್ಚಿಕೊಂಡಿತು. ಈ ಡಿಸ್ಕಿನ ಸ್ಕ್ರೂ ಇಂಚಿನ ಲೆಕ್ಕದ್ದು, ಥ್ರೆಡ್ ಬೇರೆ ಎಂದು ನಾನು ಫೋನಿನಲ್ಲಿ ಹುಡುಕಿ ತೋರಿಸಿದೆ.

"ಇಂಚು? ಈ ಕಾಲದಾಗ ಇಂಚು ಯಾರು ಇಡ್ತಾರವಾ? ಡಿಸ್ಕೇ ತಪ್ಪದ!" ಎಂದು ಸ್ಪ್ಯಾನರ್ ತಿರುಗಿಸುವ ಬಲದಲ್ಲಿ ಒತ್ತತೊಡಗಿದರು. ನಾನು "ಬ್ಯಾಡ್ರಿ ಮಾವಾರ" ಎಂದು ಅವರ ಕೈಯಿಂದ ಡಿಸ್ಕನ್ನು ಮೆಲ್ಲಗೆ ಬಿಡಿಸಿಕೊಂಡೆ. ಮೆಲ್ಲಗೆ ಎಂದು ಹೇಳುತ್ತೇನೆ, ಕಸಿದುಕೊಂಡೆ ಎನ್ನುವುದೇ ನಿಜ.

ಸ್ಕ್ರೂ ಇಲ್ಲದೆ ನಡೆಸಲು ನೋಡಲಿಲ್ಲವೆಂದಲ್ಲ. ಮೇಜಿನ ಮೇಲೆ ಇಡೋಣವೆಂದರೆ ಕೇಬಲ್ ಮುಟ್ಟದು. ಕೆಳಗೆ ಪುಸ್ತಕ ಒಟ್ಟೋಣವೆಂದರೆ ಫ್ಯಾನಿನ ಬಾಯಿ ಮುಚ್ಚುತ್ತದೆ. ಕೊನೆಗೆ ಅತ್ತೆ ತಮ್ಮ ಪೆಟಿಕೋಟಿನ ಹೊಸ ಲಾಡಿ ತಂದುಕೊಟ್ಟರು. ಅದರಲ್ಲಿ ಬಿಗಿದು ಕಟ್ಟಿ ಶುರು ಮಾಡಿದೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ಆಮೇಲೆ ಡಿಸ್ಕು ಗುಂಯ್‌ಗುಟ್ಟಿ ನಡುಗುತ್ತಾ ನಡುಗುತ್ತಾ ಜಾರಿ, ಕೇಬಲ್ ಕಿತ್ತು, ಪರದೆಯ ಮೇಲೆ ಮದುಮಗಳು ಅಕ್ಷತೆ ಬೀಳುವ ಹೊತ್ತಿಗೆ ಕಲ್ಲಾಗಿ ನಿಂತಳು. ಈ ಮದುವೆಯ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಮತ್ತೆ ಜೋಡಿಸಿ ನೋಡಿದರೆ ಪುಣ್ಯಕ್ಕೆ ಎಲ್ಲ ಇತ್ತು. ಇನ್ನು ಸರಿಯಾದ ಸ್ಕ್ರೂ ಸಿಗದೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಸ್ಕೂಟರ್ ಹತ್ತಿದೆ.

ಮೋಶಿಯ ನಮ್ಮ ಓಣಿಯಿಂದ ಹೆದ್ದಾರಿಯವರೆಗೆ ಅಂಗಡಿಗಳೆಲ್ಲ ಚೆಂಡುಹೂವಿನ ಮಾಲೆ ಹಾಕಿಕೊಂಡು ಬಾಗಿಲು ಮುಚ್ಚಿದ್ದವು. ಚನ್ನವೀರನ ಹಾರ್ಡ್‌ವೇರ್ ಅಂಗಡಿಯೊಂದೇ ಅರ್ಧ ತೆರೆದಿತ್ತು. ಅವನು ಇಂಡಿ ತಾಲೂಕಿನವನು, ಮಾತಿಗೆ ಬಡತನವಿಲ್ಲ.

"ಅಕ್ಕಾರ, ಕಿಡಕಿಗೆ ಬೇಕೋ, ಬಾಗಲಕ್ಕ ಬೇಕೋ?"

"ಹಾರ್ಡ್ ಡಿಸ್ಕಿಗೆ."

"ಅದು ನಮ್ಮಲ್ಲೆ ಬರೂದಿಲ್ರಿ. ಆದ್ರ ಇದು ನೋಡ್ರಿ, ಸ್ವಿಚ್‌ಬೋರ್ಡಿಂದು. ಭಾಳ ಗಟ್ಟಿ."

ಬೆರಳುದ್ದದ ಸ್ಕ್ರೂ. ಅದನ್ನು ಹಾಕಿದರೆ ಡಿಸ್ಕಿನ ಕರುಳಿಗೇ ಹೋಗಿ ಚುಚ್ಚುತ್ತದೆ. ಪುಣೆಯ ಬುಧವಾರ ಪೇಠದ ಮಾರುಕಟ್ಟೆಗೆ ಹೋದರೆ ಖಂಡಿತ ಸಿಗುತ್ತದೆ ಎಂದು ಅವನೇ ಹೇಳಿ, ಅಲ್ಲಿನ ಪರಿಚಯದ ಅಂಗಡಿಗೆ ಫೋನೂ ಹಚ್ಚಿ ಕೊಟ್ಟ. ಆ ಕಡೆಯವನು ಹಬ್ಬದ ಶುಭಾಶಯ ಹೇಳಿ, ಅಂಗಡಿ ನಾಳೆ ತೆಗೆಯುತ್ತೇನೆ ಎಂದ. ನಾಳೆ ಸ್ಕ್ರೂ ತೆಗೆದುಕೊಂಡು ನಾನೇನು ಹಣೆಗೆ ಹಚ್ಚಿಕೊಳ್ಳಲೇ? ಬರುವಾಗ ದಾರಿಯಲ್ಲಿ ಕಂಡ ಪ್ರತಿಯೊಂದು ಗಾಡಿ, ಗೇಟು, ಬೋರ್ಡುಗಳಲ್ಲಿ ಸ್ಕ್ರೂಗಳೇ ಕಾಣಿಸಿದವು. ಊರ ತುಂಬ ಸ್ಕ್ರೂ, ನನಗೆ ಬೇಕಾದ ನಾಲ್ಕು ಮಾತ್ರ ಇಲ್ಲ.

ಮನೆಗೆ ಬಂದು ಕೋಣೆಯ ಬಾಗಿಲು ತೆಗೆದೆ. ಮಾವ ಕಂಪ್ಯೂಟರಿನ ಮುಂದೆ ಮಂಡಿಯೂರಿ ಕೂತಿದ್ದರು. ಹಿಂದೆಂದೋ ಉದುರಿದ ಅಂಥದೊಂದು ಸ್ಕ್ರೂ ಒಳಗೆ ಬಿದ್ದಿದ್ದೀತು ಎಂದು, ದಾರಕ್ಕೆ ಕಟ್ಟಿದ ತಮ್ಮ ಆ ಮ್ಯಾಗ್ನೆಟ್ಟನ್ನು ಡಿಸ್ಕಿನ ಪಕ್ಕದಲ್ಲಿ ಇಳಿಬಿಡುತ್ತಿದ್ದರು. ಡಿಸ್ಕಿನ ಬಳಿ ಮ್ಯಾಗ್ನೆಟ್ ತರಬಾರದು, ಒಳಗಿದ್ದದ್ದು ಅಳಿಸಿಹೋಗಬಹುದು ಎಂದು ಕಲಿತವಳು ನಾನು. ಬಾಗಿಲಲ್ಲೇ ಒದರಿದೆ.

"ದೂರ ಸರೀರಿ! ಅದನ್ನ ಮುಟ್ಟಬ್ಯಾಡ್ರಿ! ನಿಮಗ ತಿಳಿಯೂದಿಲ್ಲಾ ಅಂದ್ರ ಯಾಕ ಕೈ ಹಾಕ್ತೀರಿ?"

ದನಿ ಓಣಿಗೆ ಕೇಳಿಸಿರಬೇಕು. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಮಾವ ನನ್ನನ್ನು ನೋಡಲಿಲ್ಲ. ಮ್ಯಾಗ್ನೆಟ್ಟನ್ನು ಧೋತರದ ಮಡಿಲಿಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದು, ಹೊರಗೆ ಹೋದರು. ಅವರ ಗಾಡಿ ಶುರುವಾದ ಸದ್ದು ಕೇಳಿತು.

ನನ್ನದೇ ಸರಿ ಎಂದು ಸ್ವಲ್ಪ ಹೊತ್ತು ಬುಸುಗುಟ್ಟುತ್ತಾ ಕೂತೆ. ಡಿಸ್ಕನ್ನು ಹಚ್ಚಿ ನೋಡಿದೆ, ಮದುವೆ ಅಲ್ಲೇ ಇತ್ತು, ಏನೂ ಆಗಿರಲಿಲ್ಲ. ಆಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅತ್ತೆ ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲೂ ಇಲ್ಲ. ಅಷ್ಟರಲ್ಲಿ ಮನೋಹರ ಅವರ ಫೋನು.

"ಯವ್ವಾ ಮಾಧುರಿ, ಬೀಗರು ಹೊಂಟಾರಂತ. ದೊಡ್ಡ ಟಿವಿ ತರ್ಸೀನಿ. ಸಂಜೀಕ ಬರ್ತದಲ್ಲ?"

"ಬರ್ತದ್ರಿ" ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು.

ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಂಡರು. "ಎಲ್ಲಿ ಹಾಕಿ ಬಂದಿ ಅಂತ ಕೇಳಿ ಹೋದ್ರು ನಿಮ್ಮ ಮಾವ. ಊಟಾನೂ ಮಾಡಿಲ್ಲ. ಬಿಪಿ ಗುಳಿಗೀನೂ ಇಲ್ಲೇ ಅದ."

ಗುಳಿಗೆ ಚೀಲಕ್ಕೆ ಹಾಕಿಕೊಂಡು ಇಂದ್ರಾಯಣಿ ನದಿಯ ದಂಡೆಗೆ ಸ್ಕೂಟರ್ ಓಡಿಸಿದೆ. ಮಾವನಿಗಾಗಿ ಹೋದೆನೋ ಸ್ಕ್ರೂಗಾಗಿ ಹೋದೆನೋ, ಆಗ ನನ್ನನ್ನು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ದಂಡೆಯ ನಿರ್ಮಾಲ್ಯದ ತೊಟ್ಟಿ ಎದೆಮಟ್ಟದ್ದು, ಊರಿನ ನವರಾತ್ರಿಯೆಲ್ಲ ಅದರಲ್ಲಿ ಬಂದು ಬಿದ್ದಿತ್ತು. ಬಾಡಿದ ಚೆಂಡುಹೂ ತುಂಬಿ ಹೊರಗೆ ಚೆಲ್ಲಿತ್ತು. ಅದರ ನಡುವೆ ನಮ್ಮ ಮಾವ, ಧೋತರ ಎತ್ತಿ ಕಟ್ಟಿ, ಮೊಣಕೈವರೆಗೆ ಅರಿಶಿನ ಕುಂಕುಮದಲ್ಲಿ ತೊಯ್ದು, ದಾರ ಹಿಡಿದು ಮ್ಯಾಗ್ನೆಟ್ಟನ್ನು ಹೂವಿನೊಳಗೆ ಬಿಡುತ್ತಿದ್ದರು, ಎತ್ತುತ್ತಿದ್ದರು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಡುವ ಹಾಗೆ. ಪಕ್ಕದ ಕಟ್ಟೆಯ ಮೇಲೆ ಅವರು ಹಿಡಿದ ಬೇಟೆ ಸಾಲಾಗಿ ಇತ್ತು: ಸೀರೆಯ ಪಿನ್ನುಗಳು, ಮೊಳೆಗಳು, ಒಂದು ಬೀಗದ ಕೈ, ಯಾರದೋ ಕಾರ್ಖಾನೆಯ ಕುಂಕುಮ ಮೆತ್ತಿದ ನಟ್ಟು.

ತೊಟ್ಟಿ ಕಾಯುವ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಆಜೋಬಾ, ಸೋನಂ ಹರವಲಂ ಕಾ?" ಎಂದು ಕೇಳಿದಳು. ಅಜ್ಜಾ, ಬಂಗಾರ ಕಳೆದಿದೆಯಾ ಎಂದು.

ಮಾವ ತಲೆ ಎತ್ತದೆ ಮರಾಠಿಯಲ್ಲೇ ಹೇಳಿದರು: "ನಾಹೀ. ಸುನೇಚಂ ಕಾಮ ಆಹೇ."

ಇಲ್ಲ, ನನ್ನ ಸೊಸೆಯ ಕೆಲಸ ಅದು. ಅವರಿಗೆ ನಾನು ಹಿಂದೆ ನಿಂತದ್ದು ಗೊತ್ತಿರಲಿಲ್ಲ. ಮದುವೆ ವಿಡಿಯೋ ಮಾಡುವುದನ್ನು ಈ ಮನೆಯಲ್ಲಿ ಕೆಲಸ ಎಂದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗುಳಿಗೆಯನ್ನೂ ನೀರಿನ ಬಾಟಲಿಯನ್ನೂ ಅವರ ಮುಂದೆ ಹಿಡಿದೆ. ನುಂಗಿದರು. ನಾನು ಚೂಡಿದಾರದ ತೋಳು ಮೇಲೇರಿಸಿ ಹೂವಿನೊಳಗೆ ಕೈ ಹಾಕಿದೆ.

ನಾನು ಹೂ ಸರಿಸುವುದು, ಅವರು ಮ್ಯಾಗ್ನೆಟ್ ಬಿಡುವುದು. ಬಿಸಿಲು ಏರುತ್ತಿತ್ತು, ನನ್ನ ಕಣ್ಣು ಮತ್ತೆ ಮತ್ತೆ ಫೋನಿನ ಗಡಿಯಾರಕ್ಕೆ ಹೋಗುತ್ತಿತ್ತು. ಜನ ಹೊಸ ಚೀಲಗಳನ್ನು ತಂದು ಸುರಿಯುತ್ತಲೇ ಇದ್ದರು. ಆ ಹೆಂಗಸೇ ಅವರಿಗೆ ಅಡ್ಡ ನಿಂತು, ಆ ಕಡೆ ಹಾಕಿ ಎಂದು ಗದರಿಸತೊಡಗಿದಳು. ಒಮ್ಮೆ ದಾರ ಎಳೆದಾಗ ಮ್ಯಾಗ್ನೆಟ್ಟಿನ ತುದಿಗೆ ಒಂದು ಹಸಿರು ಎಲೆ ಅಂಟಿಕೊಂಡು ಬಂತು. ಎಲೆ ಮ್ಯಾಗ್ನೆಟ್ಟಿಗೆ ಅಂಟುತ್ತದೆಯೇ? ನಾಲ್ಕು ಮೂಲೆ ಮಡಿಸಿದ ವೀಳ್ಯದೆಲೆ, ನಡುವೆ ಲವಂಗ ಹಾಗೇ ಇತ್ತು.

ನಾನು ಕಿರುಚಿದೆನೋ ಕಣ್ಣೀರಿಟ್ಟೆನೋ, ನೆನಪಿಲ್ಲ. ಮಾವ ಮಾತ್ರ ಉಗ್ರಾಣದ ಕಟ್ಟೆಯ ಹಿಂದೆ ನಿಂತವರ ಗತ್ತಿನಲ್ಲಿ ವೀಳ್ಯವನ್ನು ನನ್ನ ಅಂಗೈಯಲ್ಲಿ ಇಟ್ಟರು. "ಎಣಿಸಿ ತಗೋ," ಎಂದರು.

ನಾಲ್ಕೂ ಇದ್ದವು. ಮನೆಗೆ ಬಂದು ಕೈ ತೊಳೆಯದೆ ಕೂತೆ. ಸ್ಕ್ರೂ ತೂತಿಗೆ ಇಟ್ಟದ್ದೇ ತಡ, ಬಲ ಹಾಕುವ ಮೊದಲೇ ತಾನಾಗಿ ತಿರುಗಿ ಒಳಗೆ ಇಳಿಯಿತು. ಡಿಸ್ಕು ಕದಲದೆ ಕೂತಿತು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಾ ತುದಿ ಮುಟ್ಟುವವರೆಗೆ ನಾನು ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ, ಹೋಳಿಗೆ ತಟ್ಟೆ ಹಾಗೇ ತಣ್ಣಗಾಯಿತು. ಬೀಗರು ಚಪ್ಪಲಿ ಬಿಡುವ ಹೊತ್ತಿಗೆ ವಿಡಿಯೋ ಭೋರಿಗೆ ಮುಟ್ಟಿತು. ಮನೋಹರ ಅವರು ಫೋನ್ ಮಾಡಿ ಹಿಂದಿನಿಂದ ಬರುತ್ತಿದ್ದ ನಗು ಗದ್ದಲವನ್ನೇ ನನಗೆ ಕೇಳಿಸಿದರು. ಸ್ಟುಡಿಯೋದ ಮಾಲೀಕನಿಗೆ, ಕುರ್ಚಿ ಬೇರೆಯವರಿಗೆ ಕೊಡಿ ಎಂದು ಬರೆದು ಕಳಿಸಿದೆ.

ಮಾವ ಆ ಹೊತ್ತಿಗೆ ಬನ್ನಿ ತರಲು ಗುಡಿಗೆ ಹೋಗಿದ್ದರು. ನಮ್ಮಲ್ಲಿ ಕಿರಿಯರೇ ಮೊದಲು ಹಿರಿಯರ ಕೈಗೆ ಬನ್ನಿ ಇಟ್ಟು ಕಾಲಿಗೆ ಬೀಳುವುದು. ಅವರು ಬಂದ ಮೇಲೆ ಏನು ಹೇಳಲಿ, ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗಲೇ ನನ್ನ ಕೋಣೆಯ ಹೊಸ್ತಿಲ ಆಚೆ ಅವರ ದನಿ ಕೇಳಿತು.

"ಒಳಗ ಬರ್ಲೇನವಾ? ಮ್ಯಾಗ್ನೆಟ್ ಗಾಡಿ ಡಿಕ್ಕಿಯಾಗ ಇಟ್ಟು ಬಂದೀನಿ. ಇನ್ಮ್ಯಾಲೆ ಅದು ಅಲ್ಲೇ."

ನಿಜವೆಂದು ತೋರಿಸಲು ಎರಡೂ ಅಂಗೈ ಬಿಚ್ಚಿ ಹಿಡಿದಿದ್ದರು. ಅರಿಶಿನ ಇನ್ನೂ ಹೋಗಿರಲಿಲ್ಲ. ಒಂದು ಅಂಗೈಯಲ್ಲಿ ಬನ್ನಿ ಎಲೆ. ಯಾವ ಮನೆಯನ್ನು ಅವರು ಕಟ್ಟಿಸಿದ್ದರೋ ಆ ಮನೆಯ ಕೋಣೆಯ ಹೊರಗೆ, ಸೊಸೆಯ ಅಪ್ಪಣೆಗೆ ಕಾಯುತ್ತಾ ನಿಂತಿದ್ದರು. ನಾನು ಏಳುವ ಮೊದಲೇ ಕೈ ಮುಂದೆ ಚಾಚಿದರು.

"ಬನ್ನಿ ತಗೋರಿ. ನಾವು ನೀವು ಬಂಗಾರಧಂಗ ಇರೂಣು."

ಕಾಲಿಗೆ ಬಿದ್ದೆ. "ಮಾವಾರ, ಮುಂಜಾನಿ ನಾ ಒದರಿದ್ದು..." ಎಂದೆ.

"ಅದಿರ್ಲಿ ಬಿಡು. ಸ್ಕ್ರೂ ಬಿಗಿಯಾಗಿ ಕೂತಾವಿಲ್ಲೋ?"

"ಕೂತಾವ್ರಿ. ಒಳಗ ಬಂದು ನೀವ ಒಮ್ಮೆ ನೋಡ್ರಿ," ಎಂದು ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟೆ.